ಸ್ಕ್ಯಾನ್ ಆಯ್ತು, ಸರಿ. ಪುಸ್ತಕ ಸಿಗುತ್ತಾ?

ಕಲಬುರಗಿ, ಬೀದರ್ ಕಡೆಯಿಂದ ನನಗೆ ಬರುವ ಫೋನುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. 'ಲೈಬ್ರರಿಯ ಹಳೇ ಪುಸ್ತಕದ ಸ್ಕ್ಯಾನ್ ಎಲ್ಲಾ ಮುಗದದರಿ. ಹೆಸರು ಟೈಪ್ ಮಾಡೋದಷ್ಟೇ ಉಳದದ. ಒಂದ್ ವಾರ ಬಂದು ಮಾಡಿಕೊಡ್ರಿ.' ಮಷಿನ್ನಿಗೆ ದುಡ್ಡಿರುತ್ತದೆ, ಉದ್ಘಾಟನೆಯ ಪೆಂಡಾಲಿಗೂ ಇರುತ್ತದೆ. ಪುಸ್ತಕಗಳ ವಿವರ ನೋಡಿ ಪಟ್ಟಿ ಮಾಡುವ ನನ್ನಂಥ ಕ್ಯಾಟಲಾಗರ್ ಮಾತ್ರ ಕೊನೆಗೆ ನೆನಪಾಗುತ್ತಾನೆ, ಅದೂ ಟೈಪಿಸ್ಟ್ ಅಂತ.

ಒಂದು ಸಂಸ್ಥೆಯ ಪಟ್ಟಿಯಲ್ಲಿ ವ್ಯವಸಾಯದ ಕಿರುಪುಸ್ತಕವೊಂದರ ಮುದ್ರಣ ವರ್ಷ 1350 ಅಂತಿತ್ತು. ಬಹಮನಿ ರಾಜ್ಯ ಹುಟ್ಟಿದ್ದೇ 1347ರಲ್ಲಿ. ಅದಾದ ಮೂರೇ ವರ್ಷಕ್ಕೆ ನಮ್ಮಲ್ಲಿ ಗೊಬ್ಬರದ ಬಗ್ಗೆ ಪುಸ್ತಕ ಅಚ್ಚಾಗಿತ್ತು! ಟೈಪ್ ಮಾಡಿದ ಹುಡುಗನನ್ನು ಬೈಯೋದ್ರಲ್ಲಿ ಅರ್ಥವಿಲ್ಲ. ಪುಟದಲ್ಲಿ ಕಂಡಿದ್ದನ್ನೇ ಹೊಡೆದಿದ್ದ. ಅಂಕಿಯ ಪಕ್ಕ ಸಣ್ಣದಾಗಿ 'ಫ.' ಅಂತಿದ್ದದ್ದು ಅವನಿಗೆ ಏನು ಗೊತ್ತು, ಪಾಪ.

ಅದು ಫಸಲಿ, ಅಂದರೆ ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷ. ನಿಜಾಮರ ಆಳ್ವಿಕೆ ಮುಗಿದ 1948ರವರೆಗೂ ನಮ್ಮ ಭಾಗದಲ್ಲಿ ಫಸಲಿ ವರ್ಷ ಮಾಮೂಲು. 590 ಕೂಡಿಸಿದರೆ ಸುಮಾರಾಗಿ ಇಸವಿ ಸಿಗುತ್ತದೆ. ಸುಮಾರಾಗಿ ಅಂದೆ, ಯಾಕಂದ್ರೆ ಫಸಲಿ ವರ್ಷ ಜನವರಿಗೆ ಶುರುವಾಗಲ್ಲ. ಹಾಗಾಗಿ 1940–41 ಎಂದು ಹಾಕಿ, ಪುಟದಲ್ಲಿ ಇದ್ದದ್ದನ್ನು ಇದ್ದ ಹಾಗೇ ಟಿಪ್ಪಣಿಯಲ್ಲಿ ಉಳಿಸಬೇಕು. ಅದೇ 1350 ಹಿಜರಿ ಆಗಿದ್ದರೆ 1931–32. ಬರೀ 'ವಿಕಾರಿ ಸಂವತ್ಸರ' ಅಂತಿದ್ದರೆ? ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ. 1899ರಲ್ಲೂ ಬಂದಿತ್ತು, 1959ರಲ್ಲೂ. ಆಗ ಬೆಲೆ ನೋಡುತ್ತೇವೆ. ನಯೇ ಪೈಸೆಯಲ್ಲಿದ್ದರೆ 1899 ಆಗಲಾರದು, ಆ ನಾಣ್ಯ ಬಂದಿದ್ದೇ 1957ರಲ್ಲಿ. ಇಷ್ಟಾದರೂ ಅನುಮಾನ ಉಳಿದರೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೇವೆ. ಸಾಫ್ಟ್‌ವೇರ್‌ನವರಿಗೆ ಆ ಚಿಹ್ನೆ ಕಂಡರೆ ಆಗಲ್ಲ. ನಾನು ತೆಗೆಯಲ್ಲ.

'ಓಸಿಆರ್ ಇದೆಯಲ್ಲ, ಹುಡುಕಿದರೆ ಸಿಗುತ್ತೆ' ಅನ್ನುವವರು ಜಾಸ್ತಿ. ಓಸಿಆರ್ ಅನ್ನುವ ಸಾಫ್ಟ್‌ವೇರ್ ಸ್ಕ್ಯಾನ್ ಆದ ಪುಟದಲ್ಲಿರುವ ಅಕ್ಷರ ಓದುತ್ತದೆ, ಅದೂ ಅಚ್ಚು ಚೆನ್ನಾಗಿದ್ದರೆ. ಹಳೇ ಅಚ್ಚುಮೊಳೆಯ ಒತ್ತಕ್ಷರ ಸವೆದಿದ್ದರೆ ಅದರ ಪಾಡು ನೋಡಬೇಕು. ಪುಟದಲ್ಲಿ ಇಲ್ಲದ್ದನ್ನಂತೂ ಅದು ಹೇಳಲಾರದು. ಕಾವ್ಯಾನಂದರೂ ಸಿದ್ಧಯ್ಯ ಪುರಾಣಿಕರೂ ಒಬ್ಬರೇ ಅಂತ ಯಾರೋ ಒಬ್ಬರು ಕೂತು ಎರಡೂ ಹೆಸರನ್ನು ಜೋಡಿಸಿಡಬೇಕು. ಇಲ್ಲದಿದ್ದರೆ ಒಂದು ಹೆಸರಲ್ಲಿ ಹುಡುಕಿದ ವಿದ್ಯಾರ್ಥಿ, ಇನ್ನೊಂದು ಹೆಸರಿನ ಪುಸ್ತಕ ಇಲ್ಲವೇ ಇಲ್ಲ ಅಂದುಕೊಂಡು ಎದ್ದು ಹೋಗುತ್ತಾನೆ. ಊರಿನದ್ದೂ ಇದೇ ಕಥೆ. ಮುಖಪುಟದಲ್ಲಿ 'ಗುಲ್ಬರ್ಗಾ' ಅಂತಿದ್ದರೆ ಅದನ್ನು 'ಕಲಬುರಗಿ' ಎಂದು ತಿದ್ದಬೇಡಿ, ದಯವಿಟ್ಟು. ಇದ್ದ ಹಾಗೇ ಬರೆಯಿರಿ. ಯಾವ ಹೆಸರಲ್ಲಿ ಹುಡುಕಿದರೂ ಸಿಗುವಂತೆ ಜೋಡಿಸುವುದು ಬೇರೆ ಕೆಲಸ.

ಇನ್ನೊಂದು, ಇದು ಸ್ಕ್ಯಾನ್‌ಗೆ ಮೊದಲೇ ಆಗಬೇಕಾದದ್ದು. ಹಿಂದಿನವರು ಸಣ್ಣಸಣ್ಣ ಪುಸ್ತಕಗಳನ್ನು ಸೇರಿಸಿ ಒಂದೇ ರಟ್ಟು ಹಾಕಿಸುತ್ತಿದ್ದರು. ಬೀದರ್ ಕಡೆ ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ರಟ್ಟಿನೊಳಗೆ ಇರುವುದುಂಟು. ಅದನ್ನು ಹಾಗೇ ಸ್ಕ್ಯಾನ್ ಮಾಡಿದರೆ ಒಂದು ಪಿಡಿಎಫ್, ಮೊದಲ ಪುಸ್ತಕದ ಹೆಸರು. ಉಳಿದವು ಕಂಪ್ಯೂಟರಿನಲ್ಲಿ ಇದ್ದೂ ಇಲ್ಲ. ಉರ್ದು ಬಲಗಡೆಯಿಂದ ಶುರುವಾಗುವುದರಿಂದ ಅದರ ಪುಟಗಳೂ ಉಲ್ಟಾ.

ಎಲ್ಲ ಕಡೆಯೂ ಹೀಗೇ ಆಗುತ್ತದೆ ಅಂತ ನಾನು ಹೇಳಲ್ಲ. ಆದರೂ ಕೊಟೇಶನ್ ತರಿಸುವ ಮೊದಲು ಕ್ಯಾಟಲಾಗರ್ ಒಬ್ಬರನ್ನು ಕರೆದು ಕಪಾಟು ತೋರಿಸಿ. ಅವರ ಸಂಬಳವನ್ನು 'ಇತರೆ ಖರ್ಚು' ಕಾಲಮ್ಮಿಗೆ ಹಾಕಬೇಡಿ.