ಮುದಿ ವಿಮಾನದ ಬೆಲೆ ಅದರ ಕಾಗದದಲ್ಲಿದೆ

2025ರ ನವೆಂಬರ್‌ನಲ್ಲಿ ಕೋಲ್ಕತ್ತದಿಂದ ಬೆಂಗಳೂರಿಗೆ ಒಂದು ವಿಮಾನ ರಸ್ತೆ ಮೇಲೆ ಹೊರಟು ಬಂತು. ಬೋಯಿಂಗ್ 737-200. 1982ರಲ್ಲಿ ಇಂಡಿಯನ್ ಏರ್‌ಲೈನ್ಸ್‌ಗೆ ಬಂದದ್ದು. ಕೊನೆಗಾಲದಲ್ಲಿ ಅಂಚೆ ಇಲಾಖೆಯ ಟಪಾಲು ಹೊತ್ತು ಹಾರುತ್ತಿತ್ತು. 2012ರಲ್ಲಿ ಹಾರಾಟ ನಿಲ್ಲಿಸಿ, 13 ವರ್ಷ ನಿಲ್ದಾಣದ ಮೂಲೆಯಲ್ಲಿ, ಮಾಲೀಕರೇ ಮರೆತ ಹಾಗೆ ನಿಂತುಬಿಟ್ಟಿತು. "ವಿಮಾನವನ್ನೇ ಮರೆಯೋದು ಹೇಗೆ?" ಅಂತ ಎಲ್ಲರೂ ಕೇಳಿದರು. ಹಳೆ ವಿಮಾನ ಬಿಚ್ಚುವ ಕೆಲಸದ ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಅದರ ಹಾರಾಟ, ರಿಪೇರಿಯ ದಾಖಲೆ ಬರೆದಿಡುವ ಲಾಗ್‌ಬುಕ್ಕುಗಳು ಎಲ್ಲಿದ್ದವು?

ವಿಮಾನದ ವಯಸ್ಸನ್ನು ನಾವು ವರ್ಷದಲ್ಲಿ, ಗಂಟೆಯಲ್ಲಿ, ಸೈಕಲ್‌ನಲ್ಲಿ ಎಣಿಸುತ್ತೇವೆ. ಒಮ್ಮೆ ಏರಿ ಇಳಿದರೆ ಒಂದು ಸೈಕಲ್. ಪ್ರತಿ ಸಲವೂ ಒಳಗಿನ ಗಾಳಿಯ ಒತ್ತಡಕ್ಕೆ ಮೈ ಹಿಗ್ಗುತ್ತದೆ, ಇಳಿದಾಗ ಕುಗ್ಗುತ್ತದೆ. ಹೀಗೇ ಲೋಹ ದಣಿಯುತ್ತದೆ. 1988ರಲ್ಲಿ ಹವಾಯಿಯಲ್ಲಿ ಇದೇ ಮಾದರಿಯ ವಿಮಾನದ ಚಾವಣಿ ಆಕಾಶದಲ್ಲೇ ಕಿತ್ತುಹೋಯಿತು. ಅದಕ್ಕೆ 19 ವರ್ಷ, ಆದರೆ ಸೈಕಲ್ 89,680. ಹಾಗಂತ ಸೈಕಲ್ ಕಡಿಮೆ ಇದ್ದರೆ ನೆಮ್ಮದಿ ಅಂದುಕೊಳ್ಳುವಂತಿಲ್ಲ. 2025ರ ನವೆಂಬರ್ 4ರಂದು ಅಮೆರಿಕದ ಲೂಯಿವಿಲ್‌ನಲ್ಲಿ ಬಿದ್ದ ಎಂಡಿ-11 ಕಾರ್ಗೋ ವಿಮಾನದ್ದು ಸುಮಾರು 21,000 ಸೈಕಲ್ ಮಾತ್ರ. ವಯಸ್ಸು 34. ಎಡ ಎಂಜಿನ್ನನ್ನು ರೆಕ್ಕೆಗೆ ಹಿಡಿದಿಡುವ ಜಾಗದಲ್ಲಿ ಲೋಹ ದಣಿದು ಬಿರುಕು ಬಿಟ್ಟಿತ್ತು. ಆಮೇಲೆ ಅದರ ಮಾಲೀಕ, ಸರಕು ಸಾಗಿಸುವ ಕಂಪನಿ ಯುಪಿಎಸ್ ತನ್ನ ಎಂಡಿ-11ಗಳನ್ನೆಲ್ಲ ಸೇವೆಯಿಂದಲೇ ತೆಗೆಯಿತು.

ಕಾರ್ಗೋ ವಿಮಾನಗಳಲ್ಲಿ ಮುದಿ ಜಾಸ್ತಿ. ಬಹಳಷ್ಟಕ್ಕೆ ಇದು ಎರಡನೇ ಜನ್ಮ. ಪ್ರಯಾಣಿಕರನ್ನು ಹೊತ್ತು ಸಾಕಾದ ಮೇಲೆ ಸೀಟು ಕಿತ್ತು, ಪಕ್ಕದಲ್ಲಿ ದೊಡ್ಡ ಬಾಗಿಲು ಕೊರೆದು, ನೆಲಕ್ಕೆ ರೋಲರ್ ಹಾಕುತ್ತಾರೆ. ದಿನಕ್ಕೆ ಕೆಲವೇ ಗಂಟೆ, ಹೆಚ್ಚಾಗಿ ರಾತ್ರಿ ಹಾರುವುದರಿಂದ ಅಗ್ಗದ ಹಳೆ ವಿಮಾನವೇ ಲೆಕ್ಕಕ್ಕೆ ಸರಿ. ಆದರೆ ಸರಕಿನ ಕಾಟವೇ ಬೇರೆ. ಮೀನಿನ ಪೆಟ್ಟಿಗೆಯಿಂದ ಸೋರಿದ ಉಪ್ಪುನೀರು ನೆಲದಡಿಗೆ ಇಳಿಯುತ್ತದೆ. ಒಮ್ಮೆ ಪ್ಯಾನೆಲ್ ಎತ್ತಿ ಟಾರ್ಚ್ ಬಿಟ್ಟರೆ ತೊಲೆಯ ಮೇಲೆ ಸುಣ್ಣದಂಥ ಬಿಳಿ ಪುಡಿ. ಸ್ಕ್ರೂಡ್ರೈವರ್ ತುದಿ ತಾಗಿಸಿದೆ, ಅಲ್ಯೂಮಿನಿಯಂ ಹಪ್ಪಳದ ಹಾಗೆ ಪದರ ಪದರವಾಗಿ ಎದ್ದಿತು. ಆ ತೊಲೆ ಬದಲಿಸುವ ಖರ್ಚು ಕೇಳಿದ ದಿನವೇ ಮಾಲೀಕರು ವಿಮಾನ ನಿಲ್ಲಿಸಿದರು. ಹೆಚ್ಚಿನ ವಿಮಾನಗಳ ಕಥೆ ಹೀಗೇ, ಮುಂದಿನ ದೊಡ್ಡ ತಪಾಸಣೆಯ ಬಿಲ್ಲಿನ ಮುಂದೆ ಮುಗಿಯುತ್ತದೆ.

ಹಾಗೆ ನಿಂತ ವಿಮಾನ ಬಿಚ್ಚುವಾಗ ಮೊದಲು ಇಂಧನ, ಹೈಡ್ರಾಲಿಕ್ ಎಣ್ಣೆ ಬಸಿಯುತ್ತೇವೆ. ಬ್ಯಾಟರಿ, ಆಕ್ಸಿಜನ್ ಸಿಲಿಂಡರ್, ಬೆಂಕಿ ಆರಿಸುವ ಬಾಟಲಿ ತೆಗೆಯುತ್ತೇವೆ. ಆಮೇಲೆ ಎಂಜಿನ್. ದುಡ್ಡಿನ ದೊಡ್ಡ ಪಾಲು ಅಲ್ಲೇ. ನಂತರ ಲ್ಯಾಂಡಿಂಗ್ ಗೇರ್, ಅಂದರೆ ಚಕ್ರಗಳ ಜೋಡಣೆ, ಕಾಕ್‌ಪಿಟ್‌ನ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು. ಉಳಿದ ಮೈ ಗುಜರಿಗೆ.

ಇಲ್ಲೇ ಕಾಗದ ಬರುವುದು. ಎಂಜಿನ್ನಿನ ಒಂದು ತಿರುಗುವ ಡಿಸ್ಕ್ ಹುಟ್ಟಿದಂದಿನಿಂದ ಎಷ್ಟು ಸೈಕಲ್ ಓಡಿದೆ ಎಂಬ ದಾಖಲೆ ನಡುವೆ ಒಂದು ಕಡೆ ತುಂಡಾದರೂ ಸಾಕು, ಆ ಡಿಸ್ಕ್ ಬರೀ ಲೋಹ. 2023ರಲ್ಲಿ ಲಂಡನ್ನಿನ ಒಂದು ಕಂಪನಿ ನಕಲಿ ಪ್ರಮಾಣಪತ್ರದ ಜೊತೆ ಎಂಜಿನ್ ಭಾಗ ಮಾರಿದ್ದು ಬಯಲಾಯಿತು. ಹಲವು ಏರ್‌ಲೈನ್‌ಗಳು ವಿಮಾನ ನಿಲ್ಲಿಸಿ ಆ ಭಾಗ ಹುಡುಕಿ ತೆಗೆಯಬೇಕಾಯಿತು. ಆ ವಿಮಾನದಲ್ಲಿ ನಮ್ಮ ಮಕ್ಕಳೇ ಕೂತಿರಬಹುದು, ಅಲ್ವಾ?

ಹಾಗಾಗಿ ಗುರುತಿನ ಟ್ಯಾಗ್ ಇಲ್ಲದ ಭಾಗವನ್ನು ನಾನು ಸುಮ್ನೆ ಗುಜರಿ ರಾಶಿಗೆ ಎಸೆಯಲು ಬಿಡುವುದಿಲ್ಲ; ಯಾರೂ ಎತ್ತಿಕೊಂಡು ಮಾರದ ಹಾಗೆ ಮೊದಲು ಕತ್ತರಿಸಿಸುತ್ತೇನೆ. ಒಂದು ಸಂಜೆ ಹೊಳೆಯುವ ಹೈಡ್ರಾಲಿಕ್ ಪಂಪ್ ಸಿಕ್ಕಿತು. ಟ್ಯಾಗ್ ಉದುರಿತ್ತು, ಯಾವ ವಿಮಾನದ್ದು ಅಂತ ಯಾರಿಗೂ ಗೊತ್ತಿಲ್ಲ. "ಚೆನ್ನಾಗಿದೆಯಲ್ಲ ಸಾರ್, ಇಟ್ಟುಕೊಳ್ಳೋಣ" ಅಂದ ಹೊಸ ಹುಡುಗ. ನಾನು ಅವನ ಕೈಗೇ ಗ್ರೈಂಡರ್ ಕೊಟ್ಟೆ. ಪಂಪ್ ಎರಡು ಹೋಳಾಗುವ ತನಕ ಪಕ್ಕದಲ್ಲೇ ನಿಂತಿದ್ದೆ.