ನಾಲ್ಕು ಬಾರಿ ಚಾಂಪಿಯನ್ ಆದವರಿಗೆ ಜನ ಯಾಕೆ ‘ಬೂ’ ಅಂದರು?

ಶಿರಸಿಯ ಓದುಗರೊಬ್ಬರ ಪ್ರಶ್ನೆ: ‘2013ರಲ್ಲಿ ಫಾರ್ಮುಲಾ ಒನ್ ಕಾರು ರೇಸುಗಳನ್ನು ವೆಟೆಲ್ ಸಾಲಾಗಿ ಗೆಲ್ಲುತ್ತಿದ್ದಾಗಲೇ ಜನ ಅವರನ್ನು ಹೀಯಾಳಿಸಿದರು. ಶೂಮಾಕರ್‌ಗೂ ಹಾಗೇ ಆಯಿತು. ಒಮ್ಮೆಯೂ ಚಾಂಪಿಯನ್ ಆಗದ ಜಿಲ್ ವಿಲ್ನೇವ್ ಅವರನ್ನು ಮಾತ್ರ ಇವತ್ತಿಗೂ ಕೊಂಡಾಡುತ್ತಾರೆ. ಯಾಕೆ ಹೀಗೆ?’

ಗೆಲ್ಲುವವನ ದುಡಿಮೆ ನೋಡುಗರ ಕಣ್ಣಿಗೆ ಬೀಳುವುದಿಲ್ಲ, ತಪ್ಪು ಮಾತ್ರ ಎಲ್ಲರಿಗೂ ಕಾಣುತ್ತದೆ. ನಮ್ಮ ಮಟ್ಟಿಗೆ ಮುಖ್ಯ ಕಾರಣ ಇದೇ.

ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ ಇಳಿಯುವ ಬಸ್ಸನ್ನೇ ನೋಡಿ. ತಿರುವಿಗೆ ಮೊದಲೇ ಗೇರು ಇಳಿಸಿ, ಬ್ರೇಕನ್ನು ಮೆಲ್ಲಗೆ ಒತ್ತಿ ಬಿಡುವ ಚಾಲಕನ ಬಸ್ಸಿನಲ್ಲಿ ಜನ ನಿದ್ದೆ ಹೋಗುತ್ತಾರೆ. ಕುಮಟೆಯಲ್ಲಿ ಇಳಿದ ಮೇಲೆ ಅವನ ಮುಖ ಯಾರಿಗೂ ನೆನಪಿರುವುದಿಲ್ಲ. ಫಾರ್ಮುಲಾ ಒನ್ ಚಾಲಕ ಆಲೆನ್ ಪ್ರಾಸ್ಟ್ ಓಡಿಸಿದ್ದು ಹೀಗೇ. 51 ಗೆಲುವು, 4 ಪ್ರಶಸ್ತಿ. ಆದರೂ ಜನರ ಪ್ರೀತಿ ಹೆಚ್ಚು ಹರಿದದ್ದು 41 ಗೆಲುವು, 3 ಪ್ರಶಸ್ತಿಯ ಎದುರಾಳಿ ಸೆನ್ನಾ ಕಡೆಗೆ.

1979ರ ಫ್ರೆಂಚ್ ಗ್ರ್ಯಾನ್ ಪ್ರಿ ಇನ್ನೂ ಸ್ಪಷ್ಟ ಉದಾಹರಣೆ. ಡಿಜಾನ್‌ನಲ್ಲಿ ಆ ದಿನ ಗೆದ್ದವರು ಜಾನ್-ಪಿಯರ್ ಜಬೂಯ್. ಫಾರ್ಮುಲಾ ಒನ್‌ನಲ್ಲಿ ಟರ್ಬೊ ಎಂಜಿನ್‌ಗೆ ಅದು ಮೊದಲ ಗೆಲುವು, ರೆನೊ ತಂಡಕ್ಕೂ ಮೊದಲನೆಯದು. ಆದರೆ ಆ ರೇಸ್ ಎಂದರೆ ಎಲ್ಲರ ನೆನಪಿಗೆ ಬರುವುದು ಎರಡನೇ ಸ್ಥಾನಕ್ಕಾಗಿ ವಿಲ್ನೇವ್ ಮತ್ತು ಆರ್ನೂ ಚಕ್ರಕ್ಕೆ ಚಕ್ರ ತಾಗಿಸಿ ಓಡಿಸಿದ ಕೊನೆಯ ಸುತ್ತುಗಳು. ಮುಂದೆ ಒಬ್ಬರೇ ಹೋಗುತ್ತಿದ್ದವರನ್ನು ಯಾರು ನೋಡಿದರು?

ವೆಟೆಲ್ ಗೆಲ್ಲುತ್ತಿದ್ದ ಕ್ರಮವೂ ಇಂಥದ್ದೇ. 2011ರಲ್ಲಿ ಡಿಆರ್‌ಎಸ್ ಬಂತು. ಗುರುತಿನ ಜಾಗದಲ್ಲಿ ಮುಂದಿನ ಕಾರಿಗಿಂತ ಒಂದು ಸೆಕೆಂಡಿನೊಳಗೆ ಇದ್ದರೆ, ಹಿಂದಿನವರು ಹಿಂಬದಿ ರೆಕ್ಕೆಯ ಪಟ್ಟಿ ತೆರೆದು ವೇಗ ಹೆಚ್ಚಿಸಿಕೊಳ್ಳಬಹುದಿತ್ತು. ಮೊದಲ ಎರಡು ಸುತ್ತು ಮಾತ್ರ ಅದಕ್ಕೆ ಅವಕಾಶವಿರಲಿಲ್ಲ. ವೆಟೆಲ್ ಪೋಲ್‌ನಿಂದ (ಎಲ್ಲರಿಗಿಂತ ಮುಂದಿನ ಜಾಗದಿಂದ) ಹೊರಟು ಆ ಎರಡೇ ಸುತ್ತಿನಲ್ಲಿ, ತುಂಬಿದ ಟ್ಯಾಂಕಿನ ಭಾರ ಹೊತ್ತು, ಟೈರ್ ಇನ್ನೂ ಸರಿಯಾಗಿ ಬಿಸಿಯಾಗುವ ಮೊದಲೇ, ಒಂದು ಸೆಕೆಂಡಿಗಿಂತ ಹೆಚ್ಚಿನ ಅಂತರ ಮಾಡಿಕೊಳ್ಳುತ್ತಿದ್ದರು. ಇಡೀ ರೇಸಿನ ಕಠಿಣ ಕೆಲಸ ಅಲ್ಲೇ ಮುಗಿಯುತ್ತಿತ್ತು. ಆಮೇಲೆ ಟೈರ್ ಉಳಿಸಿಕೊಂಡು ಹೋಗುವುದು. ಹಿಂದಿನ ಕಾರಿಗೆ ಮುಂದಿನ ಕಾರು ಕದಡಿಬಿಟ್ಟ ಗಾಳಿ; ಅದರಲ್ಲಿ ಕಾರನ್ನು ನೆಲಕ್ಕೆ ಒತ್ತುವ ಡೌನ್‌ಫೋರ್ಸ್ ಕುಸಿದು ಟೈರ್ ಜಾರುತ್ತದೆ, ಜಾರಿ ಮಿತಿಮೀರಿ ಬಿಸಿಯಾಗುತ್ತದೆ. ಅಷ್ಟು ಹೊತ್ತಿಗೆ ಕ್ಯಾಮೆರಾ ಆರನೇ ಸ್ಥಾನದ ಜಗಳಕ್ಕೆ ಹೋಗಿರುತ್ತದೆ. ಒಂದೂವರೆ ಗಂಟೆಯ ಮೇಲೆ ವೆಟೆಲ್ ಕಾಣುವುದು ಬೆರಳೆತ್ತಿ ಗೆರೆ ದಾಟುವಾಗ. ‘ಕಾರು ಒಳ್ಳೆಯದಿತ್ತು, ಗೆದ್ದ’ ಎಂದು ಜನ ಎದ್ದು ಹೋಗುತ್ತಾರೆ. 2013ರ ಸಿಂಗಪುರದಲ್ಲಿ 32 ಸೆಕೆಂಡಿಗೂ ಹೆಚ್ಚಿನ ಅಂತರದಲ್ಲಿ ಗೆದ್ದು ವೇದಿಕೆ ಹತ್ತಿದಾಗ ಅವರಿಗೆ ಕೇಳಿಸಿದ್ದು ‘ಬೂ’.

ಇನ್ನು ಹೆಲ್ಮೆಟ್. ಯಕ್ಷಗಾನದಲ್ಲಿ ಬಣ್ಣ ಬಳಿದ ಮುಖವೇ ಅರ್ಧ ಮಾತಾಡುತ್ತದೆ, ಕುಣಿದು ಬೆವರಿದ್ದು ಮುಂದಿನ ಸಾಲಿಗೆ ಕಾಣುತ್ತದೆ. ಇಲ್ಲಿ ಮುಖವೇ ಇಲ್ಲ. ಜನರಿಗೆ ಸಿಗುವುದು ರೇಡಿಯೊದ ನಾಲ್ಕು ಮಾತು, ವೇದಿಕೆಯ ಕೆಲವು ನಿಮಿಷ. ಅದರಲ್ಲಿ ಎಡವಿದರೆ ಅದೇ ಉಳಿಯುತ್ತದೆ.

2002ರ ಆಸ್ಟ್ರಿಯಾದಲ್ಲಿ ಆದದ್ದು ಅದೇ. ಆ ವರ್ಷದ ಮೊದಲ ಐದು ರೇಸ್‌ಗಳಲ್ಲಿ ನಾಲ್ಕನ್ನು ಶೂಮಾಕರ್ ಆಗಲೇ ಗೆದ್ದಿದ್ದರು. ಆದರೂ ಮುಂದಿದ್ದ ಜೊತೆಗಾರ ಬ್ಯಾರಿಕೆಲ್ಲೊ ತಂಡದ ಆದೇಶದಂತೆ ಕೊನೆಯ ನೇರ ದಾರಿಯಲ್ಲಿ ವೇಗ ಇಳಿಸಿ ದಾರಿ ಬಿಟ್ಟರು. ಅಗತ್ಯವೇ ಇಲ್ಲದಿದ್ದರೂ ಕಿತ್ತುಕೊಂಡದ್ದು ಜನರನ್ನು ಕೆರಳಿಸಿತು. ಶೂಮಾಕರ್ ತಾವು ನಿಲ್ಲಬೇಕಾದ ಮೇಲಿನ ಮೆಟ್ಟಿಲಿಗೆ ಬ್ಯಾರಿಕೆಲ್ಲೊರನ್ನು ಹತ್ತಿಸಿದರೂ ಕೂಗು ನಿಲ್ಲಲಿಲ್ಲ. 1998ರ ಹಂಗೆರಿಯಲ್ಲಿ ಇದೇ ಶೂಮಾಕರ್, 19 ಸುತ್ತಿನಲ್ಲಿ 25 ಸೆಕೆಂಡು ಗಳಿಸಬೇಕೆಂದು ತಂಡ ಹೇಳಿದಾಗ, ಒಂಟಿಯಾಗಿ ಸುತ್ತು ಸುತ್ತಿಗೂ, ಹೊರಡುವ ಸ್ಥಾನ ನಿರ್ಧರಿಸುವ ಅರ್ಹತಾ ಸುತ್ತಿನ ವೇಗದಲ್ಲಿ ಓಡಿಸಿ ಗೆದ್ದಿದ್ದರು. ಆ ರೇಸ್ ಎಷ್ಟು ಜನರಿಗೆ ನೆನಪಿದೆ?

ವೆಟೆಲ್ ಎಡವಿದ್ದು 2013ರ ಮಾರ್ಚ್‌ನಲ್ಲಿ, ಮಲೇಷ್ಯಾದಲ್ಲಿ. ಟೈರ್ ಬದಲಿಸುವ ಕೊನೆಯ ಪಿಟ್ ನಿಲುಗಡೆಯ ಮೇಲೆ ವೆಟೆಲ್ ಮತ್ತು ಜೊತೆಗಾರ ವೆಬರ್ ಇಬ್ಬರೂ ಇದ್ದ ಸ್ಥಾನದಲ್ಲೇ ಮುಗಿಸಬೇಕು ಎಂಬುದು ತಂಡದ ಏರ್ಪಾಡು. ಅದಕ್ಕೆ ತಂಡದ ಸಂಕೇತ ‘ಮಲ್ಟಿ 21’; ಎಂದರೆ 2ನೇ ನಂಬರಿನ ವೆಬರ್ ಮುಂದೆ, 1ನೇ ನಂಬರಿನ ವೆಟೆಲ್ ಹಿಂದೆ. ವೆಟೆಲ್ ದಾಟಿ ಗೆದ್ದರು, ಕ್ಷಮೆ ಕೇಳಿದರು. ಮುಂದಿನ ರೇಸಿಗೆ ಚೀನಾಕ್ಕೆ ಬಂದಾಗ, ಗೆದ್ದದ್ದಕ್ಕೆ ಕ್ಷಮೆ ಕೇಳಿಲ್ಲ ಎಂದರು. ದಾಟಿದ್ದಕ್ಕಿಂತ ಆ ಮಾತು ಬದಲಿಸಿದ್ದೇ ದೊಡ್ಡ ತಪ್ಪು. ಕ್ಷಮೆ ಕೇಳಿದವರನ್ನು ನಂಬಿದ್ದ ಜನರೂ ದೂರವಾದರು.

ಆದರೆ ಕೂಗುವವರು ಯಾರು ಎಂಬುದನ್ನೂ ನೋಡಬೇಕು. ಫೆರಾರಿಯ ತವರು ಇಟಲಿಯ ಮೊಂಜಾದಲ್ಲಿ ಕೂಗಿದ್ದು ಫೆರಾರಿ ಸೋತ ಸಂಕಟದಲ್ಲಿ. ಅದೇ ವರ್ಷ ಅಕ್ಟೋಬರ್ 27ರಂದು ಗ್ರೇಟರ್ ನೋಯ್ಡಾದಲ್ಲಿ ವೆಟೆಲ್ ನಾಲ್ಕನೇ ಪ್ರಶಸ್ತಿ ಗೆದ್ದು, ಜನರ ಮುಂದೆಯೇ ಕಾರನ್ನು ಗಿರಗಿರ ತಿರುಗಿಸಿ, ಇಳಿದು ಅದಕ್ಕೆ ಬಾಗಿ ನಮಿಸಿದಾಗ ನಮ್ಮವರು ಕುಣಿದರು. ನಿಯಮ ಮುರಿದದ್ದಕ್ಕೆ ತಂಡಕ್ಕೆ 25,000 ಯೂರೊ ದಂಡ ಬಿತ್ತು.

ಜನ ವೆಟೆಲ್ ಅವರನ್ನು ಎಲ್ಲೆಡೆ ಪ್ರೀತಿಸತೊಡಗಿದ್ದು ಗೆಲುವು ನಿಂತ ಮೇಲೆ. 2018ರ ಹಾಕನ್‌ಹೈಮ್‌ನಲ್ಲಿ, ತವರು ಜರ್ಮನಿಯ ಜನರೆದುರು ಮುಂದಿದ್ದಾಗಲೇ ಮಳೆಯಲ್ಲಿ ಜಾರಿ ಹೊರಬಿದ್ದರು. 2021ರಲ್ಲಿ ಸಿಲ್ವರ್‌ಸ್ಟೋನ್ ರೇಸ್ ಮುಗಿದ ಮೇಲೆ ಗ್ಯಾಲರಿಯಲ್ಲಿ ಕಸ ಹೆಕ್ಕಿದರು. ಕೊನೆಯ ಮೂರು ವರ್ಷ ಒಂದೂ ಗೆಲುವಿಲ್ಲ. 2022ರ ಅಬುಧಾಬಿಯಲ್ಲಿ ಕೊನೆಯ ರೇಸ್ ಮುಗಿಸಿದ್ದು 10ನೇ ಸ್ಥಾನದಲ್ಲಿ, ಒಂದು ಪಾಯಿಂಟಿಗೆ. ಆ ಸಂಜೆ ಜನ ಕೂಗಿದ್ದು ಅವರ ಹೆಸರನ್ನು.