‘ಬಿಳಿಯರು’ ಅಂದ್ರೆ ಯಾರು? ಕಾನೂನು, ಕೋರ್ಟು, ಜನಗಣತಿ ಸೇರಿ ಬರೆದ ಕಥೆ

ಇಂದು ಅಮೆರಿಕದಲ್ಲಿರುವ ವರ್ಜೀನಿಯಾ ಇನ್ನೂ ಇಂಗ್ಲೆಂಡಿನ ವಸಾಹತಾಗಿದ್ದ ಕಾಲ. ಎಲಿಜಬೆತ್ ಕೀ ಅನ್ನೋ ಹೆಣ್ಣುಮಗಳು ಅಲ್ಲಿ ಕೋರ್ಟ್ ಮೆಟ್ಟಿಲು ಹತ್ತಿದಳು. ಅಪ್ಪ ಇಂಗ್ಲಿಷಿನವನು, ಅಮ್ಮ ಆಫ್ರಿಕಾ ಮೂಲದವಳು. ಅವಳು ಇದ್ದ ಮನೆಯ ಯಜಮಾನ ಸತ್ತಾಗ ಆಸ್ತಿ ಲೆಕ್ಕ ಹಾಕಿದವರು ಅವಳನ್ನೂ ಗುಲಾಮರ ಪಟ್ಟಿಯಲ್ಲಿ ಸೇರಿಸಿಬಿಟ್ಟಿದ್ದರು. ಅವಳ ವಾದ ನೇರವಾಗಿತ್ತು. ಇಂಗ್ಲಿಷ್ ಪದ್ಧತಿಯಲ್ಲಿ ಮಗುವಿಗೆ ಅಪ್ಪನ ಸ್ಥಾನಮಾನವೇ ಬರುತ್ತದೆ, ನನ್ನಪ್ಪ ಸ್ವತಂತ್ರ, ನಾನೂ ಸ್ವತಂತ್ರಳು. 1656ರಲ್ಲಿ ಅವಳು ಗೆದ್ದಳು.

ಆರು ವರ್ಷ ಕಳೆಯಿತು. 1662ರಲ್ಲಿ ವರ್ಜೀನಿಯಾದ ಶಾಸನಸಭೆ ಹೊಸ ಕಾನೂನು ತಂದಿತು. ಇನ್ನು ಮುಂದೆ ಮಗು ಗುಲಾಮನೋ ಸ್ವತಂತ್ರನೋ ಅನ್ನೋದು ತಾಯಿಯನ್ನು ನೋಡಿ ತೀರ್ಮಾನ ಆಗುತ್ತದೆ. ಒಂದೇ ಒಂದು ಸಾಲು. ಆದರೆ ಅದು ಮಾಡಿದ ಕೆಲಸ ನೋಡಿ. ಗುಲಾಮ ಹೆಣ್ಣಿನ ಮೇಲೆ ಯಜಮಾನ ಬಲಾತ್ಕಾರ ಮಾಡಿ ಮಗು ಹುಟ್ಟಿದರೆ, ಆ ಮಗುವಿನ ಹೊಣೆ ಅವನಿಗಿಲ್ಲ, ಮೇಲಾಗಿ ಆ ಮಗುವೂ ಅವನ ಆಸ್ತಿಯೇ. ಇಂಗ್ಲೆಂಡಿನಿಂದ ಹೊತ್ತುತಂದ ಪದ್ಧತಿ ಎಲ್ಲ ಕಡೆ ಅಪ್ಪನ ಹೆಸರಲ್ಲಿ ನಡೆಯುತ್ತಿತ್ತು. ಈ ಒಂದು ಕಡೆ ಮಾತ್ರ ಅದನ್ನು ತಲೆಕೆಳಗೆ ಮಾಡಿದರು, ಯಾಕಂದ್ರೆ ಲಾಭ ಅಲ್ಲಿತ್ತು.

ಇದು ದಿಢೀರ್ ಅಂತ ಆದದ್ದೂ ಅಲ್ಲ. 1643ರಲ್ಲೇ ಅಲ್ಲಿ ಆಫ್ರಿಕನ್ ಹೆಂಗಸರ ದುಡಿಮೆಗೆ ತೆರಿಗೆ ಹಾಕಿದ್ದರು. ಇಂಗ್ಲಿಷ್ ಹೆಂಗಸರಿಗೆ ಆ ತೆರಿಗೆ ಇರಲಿಲ್ಲ. ಅಂದ್ರೆ ಒಬ್ಬಳು ಮನೆವಾರ್ತೆಯ ಹೆಂಗಸು, ಇನ್ನೊಬ್ಬಳು ಗದ್ದೆಯ ಆಳು, ಕಾನೂನಿನ ಕಣ್ಣಲ್ಲಿ ಇಬ್ಬರೂ ‘ಹೆಂಗಸರು’ ಅನ್ನೋದೇ ಹೋಯಿತು. 1691ರ ಕಾನೂನು ಬಿಳಿಯರು ಕರಿಯರನ್ನಾಗಲಿ ಮೂಲನಿವಾಸಿಗಳನ್ನಾಗಲಿ ಮದುವೆಯಾಗುವುದನ್ನು ನಿಷೇಧಿಸಿತು. ಮದುವೆಯಿಲ್ಲದೆ ಕರಿಯನಿಂದ ಮಗು ಹೆತ್ತ ಬಿಳಿ ಹೆಂಗಸು 15 ಪೌಂಡ್ ದಂಡ ಕಟ್ಟಬೇಕು, ಇಲ್ಲ ಐದು ವರ್ಷ ಜೀತ ಮಾಡಬೇಕು, ಮಗುವಂತೂ 30 ವರ್ಷದವರೆಗೆ ಜೀತ. ಜನಾಂಗ ಅನ್ನೋ ಗೋಡೆ ಎದ್ದದ್ದೇ ಹೆಂಗಸರ ಮೈಮೇಲೆ ಕಾವಲು ಹಾಕಿ. ಜನಾಂಗದ ಇತಿಹಾಸ ಒಂದು ಕಡೆ, ಲಿಂಗದ ಇತಿಹಾಸ ಇನ್ನೊಂದು ಕಡೆ ಅಂತ ಬೇರೆ ಬೇರೆಯಾಗಿ ಪಾಠ ಮಾಡುವುದು ನನಗೆ ಒಪ್ಪಿಗೆಯಾಗದೇ ಇರೋದು ಇದಕ್ಕೇ.

ವಿಜ್ಞಾನ ಬಂದದ್ದು ಆಮೇಲೆ. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಮನುಷ್ಯರನ್ನು ನಾಲ್ಕು ಬಗೆ ಮಾಡಿದ. ಬರೀ ಬಣ್ಣ ಬರೆದು ಸುಮ್ಮನಾಗಲಿಲ್ಲ, ಯುರೋಪಿನವರು ಕಾನೂನಿನಂತೆ ನಡೆಯುತ್ತಾರೆ, ಆಫ್ರಿಕಾದವರು ಮನಸ್ಸಿಗೆ ಬಂದಂತೆ ನಡೆಯುತ್ತಾರೆ ಅಂತ ಗುಣವನ್ನೂ ಸೇರಿಸಿದ. 1795ರಲ್ಲಿ ಜರ್ಮನಿಯ ಬ್ಲೂಮೆನ್‌ಬಾಖ್ ಐದು ಬಗೆ ಮಾಡಿ, ಕಾಕಸಸ್ ಪರ್ವತಗಳ ಬಳಿಯ ಜಾರ್ಜಿಯಾ ದೇಶದ ಹೆಣ್ಣೊಬ್ಬಳ ತಲೆಬುರುಡೆ ಬಹಳ ಚೆಂದ ಅಂತ ಮೆಚ್ಚಿ, ಯುರೋಪಿನವರಿಗೆಲ್ಲ ‘ಕಕೇಶಿಯನ್’ ಅನ್ನೋ ಹೆಸರನ್ನು ಗಟ್ಟಿ ಮಾಡಿದ. ಅಷ್ಟು ಹೊತ್ತಿಗೆ ವರ್ಜೀನಿಯಾದ ಕಾನೂನಿಗೆ ನೂರು ವರ್ಷ ದಾಟಿತ್ತು.

ಅಮೆರಿಕ ಸ್ವತಂತ್ರ ದೇಶವಾದ ಮೇಲೆ 1790ರಲ್ಲಿ ಪೌರತ್ವದ ಕಾನೂನು ಬಂತು. ಹೊರಗಿನಿಂದ ಬಂದವರಲ್ಲಿ ‘ಸ್ವತಂತ್ರ ಬಿಳಿಯ ವ್ಯಕ್ತಿ’ಗೆ ಮಾತ್ರ ಪೌರತ್ವ. 1870ರಲ್ಲಿ ಆಫ್ರಿಕಾ ಮೂಲದವರನ್ನು ಸೇರಿಸಿದರು. ಮಧ್ಯದಲ್ಲಿ ಇದ್ದವರೆಲ್ಲ, ಏಷ್ಯಾದವರು, ಎಲ್ಲಿಗೆ ಸೇರಬೇಕು? ನಾವೂ ಈ ಕಥೆಯೊಳಗೆ ಬರೋದು ಇಲ್ಲೇ.

ಜಪಾನಿನ ತಕಾವೊ ಒಜಾವಾ ಇಪ್ಪತ್ತು ವರ್ಷ ಅಮೆರಿಕದಲ್ಲಿದ್ದ, ಕ್ಯಾಲಿಫೋರ್ನಿಯಾದಲ್ಲಿ ಓದಿದ್ದ, ಮನೆಯಲ್ಲಿ ಇಂಗ್ಲಿಷನ್ನೇ ಮಾತಾಡುತ್ತಿದ್ದ. ನನ್ನ ಮೈಬಣ್ಣ ಎಷ್ಟೋ ಬಿಳಿಯರಿಗಿಂತ ಬಿಳಿ ಅಂತಲೂ ವಾದಿಸಿದ. 1922ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಬಣ್ಣ ನೋಡಿ ಹೇಳೋಕಾಗಲ್ಲ, ಬಿಳಿಯ ಅಂದ್ರೆ ಕಕೇಶಿಯನ್.

ಸರಿ, ಹಾಗಾದರೆ ನಾನು ಕಕೇಶಿಯನ್ನೇ ಅಲ್ವಾ ಅಂದ ಭಗತ್ ಸಿಂಗ್ ಥಿಂಡ್. ಪಂಜಾಬಿನಲ್ಲಿ ಹುಟ್ಟಿದವನು, ಸಿಖ್, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವನು. ಆಗಿನ ಪಂಡಿತರ ಪಟ್ಟಿಗಳ ಪ್ರಕಾರ ಉತ್ತರ ಭಾರತದವರು ಆರ್ಯರು, ಹಾಗಾಗಿ ಕಕೇಶಿಯನ್ನರು. ಒಜಾವಾ ತೀರ್ಪು ಬಂದು ಮೂರು ತಿಂಗಳಾಗಿತ್ತು, 1923ರ ಫೆಬ್ರವರಿ. ಎರಡೂ ತೀರ್ಪು ಬರೆದವರು ಒಬ್ಬರೇ, ನ್ಯಾಯಮೂರ್ತಿ ಸದರ್ಲೆಂಡ್. ಈ ಸಲ ಅವರು ಹೇಳಿದ್ದು ಬೇರೆ. ವಿಜ್ಞಾನಿಗಳು ಏನಾದರೂ ಹೇಳಲಿ, ಸಾಮಾನ್ಯ ಮನುಷ್ಯ ಯಾರನ್ನು ಬಿಳಿಯ ಅಂತ ತಿಳಿಯುತ್ತಾನೋ ಅವನೇ ಬಿಳಿಯ. ಮೂರೇ ತಿಂಗಳಲ್ಲಿ ಅಳತೆಗೋಲೇ ಬದಲು.

ಥಿಂಡ್ ಪರವಾಗಿ ಕೋರ್ಟಿಗೆ ಕೊಟ್ಟ ವಾದವನ್ನೂ ಮರೆಯಬಾರದು. ನಾನು ‘ಮೇಲ್ಜಾತಿ’ಯವನು, ಅಮೆರಿಕದ ಬಿಳಿಯರು ಕರಿಯರನ್ನು ಮದುವೆ ವಿಷಯದಲ್ಲಿ ಹೇಗೆ ಕಾಣುತ್ತಾರೋ ನಮ್ಮ ಮೇಲ್ಜಾತಿಯವರೂ ಭಾರತದ ಮೂಲನಿವಾಸಿಗಳನ್ನು ಹಾಗೇ ಕಾಣುತ್ತಾರೆ ಅನ್ನೋದು ಅದರ ಸಾರ. ನಮ್ಮ ಜಾತಿಯನ್ನೇ ಅಲ್ಲಿ ಯೋಗ್ಯತಾ ಪತ್ರದ ಹಾಗೆ ತೋರಿಸಿದ್ದಾರೆ. ಆ ಬೇಲಿ ತಪ್ಪು ಅಂತ ಹೇಳಲಿಲ್ಲ, ನನ್ನನ್ನು ಒಳಗೆ ಬಿಡಿ ಅಂತ ಕೇಳಿದರು. ಇಷ್ಟು ಹೇಳಿದ ಮೇಲೂ ಒಳಗೆ ಬಿಡಲಿಲ್ಲ.

ತೀರ್ಪಿನ ಪೆಟ್ಟು ಬಿದ್ದದ್ದು ಥಿಂಡ್ ಒಬ್ಬನಿಗೇ ಅಲ್ಲ. ಆಗಲೇ ಪೌರತ್ವ ಪಡೆದಿದ್ದ ಭಾರತೀಯರಿಂದ ಅದನ್ನು ವಾಪಸ್ ಕಿತ್ತುಕೊಳ್ಳೋಕೆ ಸರ್ಕಾರ ಶುರು ಮಾಡಿತು. 1915ರಲ್ಲಿ ಹೆಂಡತಿ ಮಕ್ಕಳ ಜೊತೆ ಸ್ಯಾನ್‌ಫ್ರಾನ್ಸಿಸ್ಕೋಗೆ ಬಂದು ಅಂಗಡಿ ಇಟ್ಟಿದ್ದ ವೈಷ್ಣೋ ದಾಸ್ ಬಾಗೈ ಪೌರತ್ವ ಕಳೆದುಕೊಂಡರು. ಊರಿಗೆ ಹೋಗಿಬರಲು ಪಾಸ್‌ಪೋರ್ಟ್ ಕೇಳಿದರೆ ಅಮೆರಿಕದ್ದು ಸಿಗಲಿಲ್ಲ, ಬ್ರಿಟಿಷರದ್ದು ತಗೊಳ್ಳಿ ಅಂದರು, ಬ್ರಿಟಿಷರ ಆಳ್ವಿಕೆ ಬೇಡ ಅಂತಲೇ ದೇಶ ಬಿಟ್ಟು ಬಂದವರಿಗೆ! 1928ರಲ್ಲಿ ಅವರು ತಮ್ಮ ಪ್ರಾಣ ತಾವೇ ಕಳೆದುಕೊಂಡರು. ಪತ್ರಿಕೆಗೆ ಬರೆದಿಟ್ಟ ಪತ್ರದಲ್ಲಿ ಬಂಗಾರದ ಪಂಜರದ ಬಾಳು ಬಾಳಲು ಯೋಗ್ಯವೇ ಅಂತ ಕೇಳಿದ್ದರು. ಇನ್ನೊಂದು ವಿಷಯ: 1922ರ ಕೇಬಲ್ ಕಾನೂನಿನ ಪ್ರಕಾರ, ಪೌರತ್ವಕ್ಕೆ ಅರ್ಹನಲ್ಲದ ವಿದೇಶಿಯನ್ನು ಮದುವೆಯಾದ ಅಮೆರಿಕದ ಹೆಂಗಸು ತನ್ನ ಪೌರತ್ವವನ್ನೂ ಕಳೆದುಕೊಳ್ಳುತ್ತಿದ್ದಳು. ಗಂಡಸಿಗೆ ಈ ಶಿಕ್ಷೆ ಇರಲಿಲ್ಲ. ಭಾರತೀಯರಿಗೆ ಪೌರತ್ವದ ಬಾಗಿಲು ಮತ್ತೆ ತೆರೆದದ್ದು 1946ರಲ್ಲಿ.

ಅಲ್ಲಿನ ಜನಗಣತಿಯಲ್ಲಿ ನಮ್ಮವರ ಪ್ರಯಾಣ ಇನ್ನೂ ವಿಚಿತ್ರ. 1930 ಮತ್ತು 1940ರಲ್ಲಿ ‘ಹಿಂದೂ’ ಅನ್ನೋದೇ ಒಂದು ಜನಾಂಗ, ಸಿಖ್ಖರೂ ಮುಸ್ಲಿಮರೂ ಅದರಲ್ಲೇ. 1970ರಲ್ಲಿ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಹಾಕಿದರು. 1980ರಲ್ಲಿ ‘ಏಷ್ಯನ್ ಇಂಡಿಯನ್’ ಅಂತ ಪ್ರತ್ಯೇಕ ಕಾಲಂ ಬಂತು. ಇವರ ರಕ್ತದಲ್ಲಿ ಏನೂ ಬದಲಾಗಿರಲಿಲ್ಲ.

ರಕ್ತದ ವಿಷಯವನ್ನೇ 1972ರಲ್ಲಿ ಜೀವವಿಜ್ಞಾನಿ ರಿಚರ್ಡ್ ಲೆವಾಂಟಿನ್ ಲೆಕ್ಕ ಹಾಕಿ ತೋರಿಸಿದರು. ಮನುಷ್ಯರ ಜೀನ್‌ಗಳಲ್ಲಿ ಇರುವ ವ್ಯತ್ಯಾಸದ ಸುಮಾರು ಶೇ. 85 ಭಾಗ ಒಂದೇ ಜನಸಮುದಾಯದ ಒಳಗೇ ಸಿಗುತ್ತದೆ. ಆದರೆ ದಕ್ಷಿಣ ಆಫ್ರಿಕಾದಲ್ಲಿ ಆಗಲೂ ಪ್ರತಿಯೊಬ್ಬರನ್ನೂ ಒಂದು ಜನಾಂಗಕ್ಕೆ ಸೇರಿಸಿ ದಾಖಲಿಸುವ 1950ರ ನೋಂದಣಿ ಕಾಯ್ದೆ ಜೀವಂತವಾಗಿತ್ತು. ಅನುಮಾನ ಬಂದರೆ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ, ಅದು ಜಾರಿ ಬೀಳುತ್ತಾ ನೋಡಿ ಜನಾಂಗ ತೀರ್ಮಾನಿಸುತ್ತಿದ್ದರು. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ಜನಾಂಗಕ್ಕೆ ಬಿದ್ದದ್ದೂ ಉಂಟು. ಆ ಕಾಯ್ದೆ ಹೋದದ್ದು 1991ರಲ್ಲಿ.

ಅಮೆರಿಕದಲ್ಲಿ ಕಾಲಂಗಳು ಈಗಲೂ ಬದಲಾಗುತ್ತಲೇ ಇವೆ. ಸಿರಿಯಾದಿಂದ ಬಂದಿದ್ದ ಜಾರ್ಜ್ ಡೌ 1915ರಲ್ಲಿ ಮೇಲ್ಮನವಿ ಗೆದ್ದು ಕಾನೂನಿನ ಪ್ರಕಾರ ಬಿಳಿಯನಾದ, ಅರಬ್ ಮೂಲದವರೆಲ್ಲ ಅಂದಿನಿಂದ ಹೆಚ್ಚುಕಡಿಮೆ ಆ ಲೆಕ್ಕದಲ್ಲೇ ಉಳಿದರು. ಅವರ ಮುಂದಿನ ತಲೆಮಾರುಗಳು ನಮ್ಮನ್ನು ಬಿಳಿಯರ ಜೊತೆ ಎಣಿಸಬೇಡಿ, ಹಾಗೆ ಎಣಿಸಿದರೆ ನಮ್ಮ ಆರೋಗ್ಯದ, ಉದ್ಯೋಗದ ತೊಂದರೆಗಳು ಯಾವ ಅಂಕಿಅಂಶದಲ್ಲೂ ಕಾಣಲ್ಲ ಅಂತ ವರ್ಷಗಟ್ಟಲೆ ಕೇಳಿಕೊಂಡರು. 2024ರ ಮಾರ್ಚ್‌ನಲ್ಲಿ ಸರ್ಕಾರ ಒಪ್ಪಿ, ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದವರಿಗೆ ಪ್ರತ್ಯೇಕ ಕಾಲಂ ಕೊಡುವ ನಿಯಮ ಮಾಡಿತು.